ಮಡಿಸುವ ಪುಸ್ತಕ: ಕಡತ

ಕಳೆದ ವರ್ಷ ನಮ್ಮ ಸಂಘದ ರಾಜ್ಯೋತ್ಸವದ ಕಾರ್ಯಕ್ರಮಪತ್ರವನ್ನು ಮೂರು ಮಡಿಕೆಯದಾಗಿ ಅಚ್ಚುಹಾಕಿಸುವ ಹೊಣೆ ಈ ಲೇಖಕನ ಪಾಲಿಗೆ ಬಂದಿತ್ತು. ಪೆರುಂಗುಡಿಯ ಒಂದು ಮುದ್ರಣಾಲಯಕ್ಕೆ ಹೋಗಿ, 297 ಮಿಲಿಮೀಟರ್ ಉದ್ದದ ಹಾಳೆಯನ್ನು 99ರಂತೆ ಮೂರು ಸಮಪಾಲು ಮಾಡಿಕೊಟ್ಟೆ. ಬ್ಯಾಂಕಿನ ಗುಮಾಸ್ತನಿಗೆ ಭಾಗಾಕಾರ ತಪ್ಪೀತೆ? ತಪ್ಪಲಿಲ್ಲ, ಮಡಿಸಿದಾಗ ಹಾಳೆ ಮಾತ್ರ ಉಬ್ಬಿ ನಿಂತಿತು. ಒಳಗೆ ಸೇರುವ ಪಾಲು ಎರಡು ಮೂರು ಮಿಲಿಮೀಟರ್ ಕಿರಿದಾಗಿರಬೇಕಂತೆ: 100, 100, 97. ಬೀಸಣಿಗೆಯಂತೆ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಿಸಿದರೆ ಮಾತ್ರ ಈ ತೊಡಕಿಲ್ಲ, ಪಾಲುಗಳೆಲ್ಲ ಸಮವಾಗಿಯೇ ಇರಬಹುದು ಎಂದು ಅಲ್ಲಿಯ ಕೆಲಸಗಾರರೇ ತಿಳಿಸಿದರು.

ಆಗ ನೆನಪಾದದ್ದು ನಮ್ಮ ಕಡತ. ಇಂದು ಕಡತವೆಂದರೆ ಕಚೇರಿಯ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕವಾಗಿತ್ತು. ಹುಣಿಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಹತ್ತಿಯ ಬಟ್ಟೆಯ ಎರಡು ಮಗ್ಗುಲಿಗೂ ಬಳಿದು, ಒಣಗಿಸಿ, ಬೀಸಣಿಗೆಯಂತೆಯೇ ಮಡಿಸುತ್ತಿದ್ದರು. ಬರೆಯುವುದು ಬಳಪದಲ್ಲಿ, ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರ. (ಬರ್ಮಾದವರ ಕಪ್ಪು ‘ಪರಬೈಕ್’ ಇದರ ದಾಯಾದಿಯಂತಿದೆ, ಅದು ಕಾಗದದ್ದು.) ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿ ಇದರ ಅಳತೆಯನ್ನು ಕೊಟ್ಟಿದ್ದಾನೆ: ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಮಡಿಸಿದ ಮೇಲೆ ಬಣ್ಣದ ತೆಳು ಹಲಗೆಗಳ ನಡುವೆ ಇಟ್ಟು ಕಟ್ಟುತ್ತಿದ್ದರು. ಕನ್ನಡ ಜಿಲ್ಲೆಯ ವರ್ತಕರಿಗೂ ಅಂಗಡಿಕಾರರಿಗೂ ಆಗ ಇದೇ ಲೆಕ್ಕದ ಪುಸ್ತಕ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಕಡತದ ಬರಹವನ್ನು ಸ್ಲೇಟಿನಂತೆ ಒರೆಸಬಹುದಾಗಿತ್ತು! ಬ್ಯಾಂಕಿನಲ್ಲಿ ಒಂದು ನಮೂದು ತಪ್ಪಾದರೆ ಅಳಿಸುವಂತಿಲ್ಲ. ಅದಕ್ಕೆದುರಾಗಿ ಇನ್ನೊಂದು ನಮೂದು ಬರೆದೇ ಸರಿಪಡಿಸಬೇಕು. ಒರೆಸಿದರೆ ಹೋಗುವ ಅಕ್ಷರವನ್ನು ನಂಬಿ ಸಾಲ ಕೊಟ್ಟವರು ಎಂಥವರು? ಕಡತದ ಮೇಲೆ ಬರೆದ ಸಾಲಪತ್ರವೊಂದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಂದುದನ್ನು ತಾನು ಬಲ್ಲೆನೆಂದು ವಿಲ್ಕ್ಸ್ ಹೇಳುತ್ತಾನೆ.

ಶೃಂಗೇರಿ ಮಠದಲ್ಲಿ ಕಡತಗಳು ಉಳಿದುಬಂದಿವೆ, ಇತಿಹಾಸಕಾರ ಎ. ಕೆ. ಶಾಸ್ತ್ರಿಯವರು ಅವನ್ನು ಓದಿ ಆ ಸಂಸ್ಥಾನದ ಚರಿತ್ರೆಯನ್ನು ಬರೆದರು. ಅಂಗಡಿಕಾರನ ಕಡತಕ್ಕೆ ಅಂಥ ಭಾಗ್ಯವೆಲ್ಲಿ? ಲೆಕ್ಕ ಚುಕ್ತಾ ಆಯಿತು, ಬಟ್ಟೆ ಒರೆಸಿ ಮತ್ತೆ ಕಪ್ಪು ಬಳಿದರು ಎಂದು ನನ್ನ ಊಹೆ. ತೀರಿದ ಸಾಲಗಳ ಚರಿತ್ರೆ ಹಾಗೆಯೇ ಹೋಗಿರಬೇಕು.

ಈ ವರ್ಷದ ನಮ್ಮ ಕಾರ್ಯಕ್ರಮಪತ್ರ ಬೀಸಣಿಗೆಯ ಮಡಿಕೆಯಲ್ಲೇ ಬಂದಿದೆ. ದಕ್ಷಿಣ ಕನ್ನಡ, ಮಲೆನಾಡುಗಳಿಂದ ಇಲ್ಲಿಗೆ ಬಂದು ನೆಲೆಸಿದ ಸದಸ್ಯರಲ್ಲಿ ಒಂದು ಬಿನ್ನಹ: ರಜೆಗೆ ಊರಿಗೆ ಹೋದಾಗ ಹಳೆಯ ಮನೆಯ ಅಟ್ಟದಲ್ಲಿ ಹಲಗೆಗಳ ನಡುವೆ ಮಡಿಸಿಟ್ಟ ಕಪ್ಪು ಬಟ್ಟೆ ಸಿಕ್ಕರೆ, ದಯವಿಟ್ಟು ಒದ್ದೆ ಬಟ್ಟೆಯಿಂದ ಧೂಳು ಒರೆಸಬೇಡಿ.