ಅಜ್ಜಿಯ ಬಿತ್ತನೆ ಗುಡಾಣ

ಮಳವಳ್ಳಿ ಕಡೆಯ ನಮ್ಮ ಅಜ್ಜಿಮನೆಯ ಮೂಲೆಯಲ್ಲಿ ಒಂದು ಗುಡಾಣವಿತ್ತು. ಅದರಲ್ಲಿ ಬೂದಿ ಬೆರೆಸಿದ ಬಿತ್ತನೆ ಕಾಳು. ಅದಕ್ಕೆ ಕೈ ಹಾಕುವ ಅಧಿಕಾರ ಅಜ್ಜಿಯೊಬ್ಬಳದೇ. ತಾತನೂ ಕೇಳಿಯೇ ಪಡೆಯಬೇಕಿತ್ತು.

ಅಜ್ಜಿ ಹುಡುಗಿಯಾಗಿದ್ದಾಗ ಅವರ ಹೊಲಗಳಿಗೆ ಮಳೆಯೇ ಗತಿ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಅನ್ನವೆಂದರೆ ಹಬ್ಬ. ಮಳೆ ಕೈಕೊಟ್ಟ ವರ್ಷ ಮುದ್ದೆಗೂ ತತ್ವಾರ.

ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. 1902ರಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸುತ್ತಿದ್ದ ಶಿವನಸಮುದ್ರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಅದರ ಉದ್ದೇಶ. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಗೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಬಂತು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ನಮ್ಮಪ್ಪನ ಓದಿನ ಫೀಜು ಕಟ್ಟಿದ್ದು ಕಬ್ಬಿನ ದುಡ್ಡಿನಲ್ಲಿ. ನಾಲೆಯನ್ನು ದೂರಲು ನನಗೆ ಬಾಯಿ ಬಾರದು.

1960ರ ದಶಕದ ಕೊನೆಗೆ ಹೆಚ್ಚು ಇಳುವರಿಯ ಗಿಡ್ಡ ಭತ್ತದ ತಳಿಗಳು ಬಂದವು. ಜೊತೆಗೆ ಚೀಲದ ಗೊಬ್ಬರ, ಔಷಧಿ. ಕಣಜ ತುಂಬಿತು, ಗುಡಾಣ ಖಾಲಿಯಾಯಿತು. ಬಿತ್ತನೆ ಅಂಗಡಿಯಲ್ಲೇ ಸಿಗುವಾಗ ಅಜ್ಜಿಯನ್ನು ಕೇಳುವವರಾರು? ವರ್ಷವಿಡೀ ನೀರು ನಿಂತು ನಮ್ಮ ತಗ್ಗಿನ ಗದ್ದೆ ಜೌಗು ಹಿಡಿಯಿತು. ಅಂಚಿನಲ್ಲಿ ಬಿಳಿ ಉಪ್ಪು ಕಾಣಿಸಿತು. ಅಜ್ಜಿ ಒಮ್ಮೆ ಅದನ್ನು ಬೆರಳಿನಿಂದ ಕೆರೆದು ತೋರಿಸಿ, “ನಮ್ ಹೊಟ್ಟೆ ತುಂಬ್ತು ಕಣವ್ವ, ನೆಲುಕ್ಕೆ ಉಸಿರಾಡಕ್ಕೆ ಬಿಡುವು ಸಿಕ್ನಿಲ್ಲ” ಎಂದಳು.

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಎಂಬ ರೈತರು ನೂರಾರು ನಾಟಿ ಭತ್ತದ ತಳಿಗಳನ್ನು ಬೆಳೆಸಿ ಉಳಿಸಿದ್ದಾರೆ. ಆ ಸುದ್ದಿ ಓದಿದ ದಿನ ನನಗೆ ಅಜ್ಜಿಯ ಗುಡಾಣವೇ ಕಣ್ಮುಂದೆ ಬಂತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಆ ವರ್ಷವೇ ಮಳೆ ಕೈಕೊಟ್ಟು ಕನ್ನಂಬಾಡಿಯೂ ತುಂಬಲಿಲ್ಲ. ಒಣಗಿದ ಗದ್ದೆಗಳನ್ನು ಕಂಡಾಗ, ಕಡಿಮೆ ನೀರಿನ ರಾಗಿಯನ್ನು ನಾವು ಬಡವರ ಊಟವೆಂದು ದೂರವಿಟ್ಟದ್ದು ನೆನಪಾಗಿ ನಾಚಿಕೆಯಾಯಿತು.

ಎಲ್ಲರ ಹೊಟ್ಟೆಯೂ ತುಂಬಬೇಕು, ನಿಜ. ಆದರೆ ನೆಲಕ್ಕೂ ಒಂದು ಬಿಡುವು ಬೇಕು. ಈಗ ವಾರಕ್ಕೆ ಮೂರು ದಿನ ನಮ್ಮನೆಯಲ್ಲಿ ಮುದ್ದೆ, ಬಸ್ಸಾರು. ಸೊಸೆ ಮೊದಲು ಮೂಗು ಮುರಿದಳು. ಮೊನ್ನೆ ಅವಳೇ ಹಿತ್ತಲಲ್ಲಿ ಬಲಿತ ಅವರೆಕಾಯಿ ಸುಲಿದು, ಒಂದು ಹಿಡಿ ಕಾಳು ಬೇರೆ ತೆಗೆದು, “ಇದಕ್ಕೆ ಎಷ್ಟು ಬೂದಿ ಬೆರೆಸಬೇಕು, ಅತ್ತೆ?” ಎಂದು ಕೇಳಿದಳು.