ಮುಂದಕ್ಕೆ ಕಳುಹಿಸುವ ಮುನ್ನ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಅವಳ ಮಗ, ಊರಿಗೆ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶವೊಂದನ್ನು ಗೆಳೆಯರಿಗೆಲ್ಲ ಕಳುಹಿಸಿದ್ದನಂತೆ. "ಮೊಬೈಲು ಕಿತ್ತಿಟ್ಟುಬಿಡಲೇ, ಸರ್?" ಎಂದು ಕೇಳಿದಳು. ಅದಕ್ಕೆ ಮೊದಲು ನಮ್ಮ ನಾಡಿನಲ್ಲೇ ನಡೆದ ಎರಡು ಘಟನೆಗಳನ್ನು ಅವನಿಗೆ ಹೇಳು ಎಂದೆ. ಅಂದು ಹೇಳಿದ್ದನ್ನೇ ಇಲ್ಲಿ ಕೊಂಚ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲನೆಯದು 2012ರದು. ಆ ವರ್ಷದ ಜುಲೈ ತಿಂಗಳಲ್ಲಿ ಅಸ್ಸಾಮಿನ ಕೊಕ್ರಝಾರ್ ಪ್ರದೇಶದಲ್ಲಿ ಘರ್ಷಣೆ ನಡೆದು ಲಕ್ಷಗಟ್ಟಲೆ ಜನ ನಿರಾಶ್ರಿತರಾದರು. ಆಗಸ್ಟ್ ನಡುವಿನ ಹೊತ್ತಿಗೆ, ಓದು ಮತ್ತು ಉದ್ಯೋಗಕ್ಕಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ಈಶಾನ್ಯ ರಾಜ್ಯಗಳ ಜನರಿಗೆ, ರಂಜಾನ್ ಮುಗಿದೊಡನೆ ನಿಮ್ಮ ಮೇಲೆ ದಾಳಿಯಾಗಲಿದೆ ಎಂಬ ಸಂದೇಶಗಳು ಬರತೊಡಗಿದವು. ಜೊತೆಗೆ ಭೀಕರ ಚಿತ್ರಗಳೂ ಹರಿದಾಡಿದವು. ಬೇರೆಲ್ಲೋ ಚಂಡಮಾರುತ, ಭೂಕಂಪಗಳಲ್ಲಿ ಮಡಿದವರ ಹಳೆಯ ಚಿತ್ರಗಳನ್ನು ಹತ್ಯಾಕಾಂಡದ ಚಿತ್ರಗಳೆಂದು ಹಂಚಲಾಗಿತ್ತೆಂಬುದು ಆಮೇಲೆ ತಿಳಿಯಿತು. ಸರ್ಕಾರ ಅಭಯ ನೀಡಿದರೂ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ರೈಲು ನಿಲ್ದಾಣಕ್ಕೆ ಬಂದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಸಂದೇಶಗಳು ಸಾರಿದ ಆ ಸಾಮೂಹಿಕ ದಾಳಿ ನಡೆಯಲೇ ಇಲ್ಲ. ಕೇಂದ್ರ ಸರ್ಕಾರವು ಆಗಸ್ಟ್ 17ರಂದು, ಹದಿನೈದು ದಿನಗಳ ಕಾಲ ಒಬ್ಬರು ದಿನಕ್ಕೆ 5ಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳುಹಿಸಬಾರದೆಂದು ಕಟ್ಟಳೆ ವಿಧಿಸಿತು.

ಆರು ವರ್ಷಗಳ ಬಳಿಕ ವದಂತಿಗೆ ಜೀವಗಳೇ ಬಲಿಯಾದವು. 2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೂಲಿಗಾಗಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಜನರು ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟು ಕೊಟ್ಟಿತು. ಅಷ್ಟಕ್ಕೇ ಗುಲ್ಲೆದ್ದಿತು. ಅವರು ಕಾರಿನಲ್ಲಿ ತಪ್ಪಿಸಿಕೊಂಡು ಹೊರಟರೂ ವಾಟ್ಸ್ಆ್ಯಪ್ ಸಂದೇಶ ಅವರಿಗಿಂತ ಮುಂದಾಗಿ ಮುರ್ಕಿ ಗ್ರಾಮವನ್ನು ತಲುಪಿತ್ತು. ಅಲ್ಲಿ ಅವರನ್ನು ಅಡ್ಡಗಟ್ಟಿ ಥಳಿಸಿದರು. ಒಬ್ಬ ಯುವ ಇಂಜಿನಿಯರ್ ಪ್ರಾಣ ಕಳೆದುಕೊಂಡ. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು.

ಆ ದಿನಗಳಲ್ಲಿ ಮನೆಮನೆಗೂ ತಲುಪಿದ್ದ ಒಂದು ವಿಡಿಯೊ ನಿಮಗೆ ನೆನಪಿರಬಹುದು. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ; ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ನಮ್ಮ ದೇಶದ್ದಾಗಿರಲಿಲ್ಲ, ನಿಜವಾದ ಅಪಹರಣವೂ ಆಗಿರಲಿಲ್ಲ. ಮಕ್ಕಳ ಬಗ್ಗೆ ಎಚ್ಚರ ಮೂಡಿಸಲೆಂದು ಪಾಕಿಸ್ತಾನದ ಕರಾಚಿಯಲ್ಲಿ ತಯಾರಿಸಿದ ಚಿತ್ರವದು. ಮೂಲದಲ್ಲಿ ಆ ಇಬ್ಬರೂ ಮರಳಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದ್ದರು. ಮಕ್ಕಳ ರಕ್ಷಣೆಗೆಂದು ಮಾಡಿದ ಚಿತ್ರವೇ ನಿರಪರಾಧಿಗಳಿಗೆ ಮೃತ್ಯುವಾಯಿತು.

ಇಲ್ಲೊಂದು ತಪ್ಪೊಪ್ಪಿಗೆ. ನಮ್ಮ ಬಂಧುಗಳ ಗುಂಪಿಗೆ ಆ ವಿಡಿಯೊವನ್ನು ಕಳುಹಿಸಿದವನು ನಾನೇ. ಮೊಮ್ಮಕ್ಕಳು ಜೋಪಾನ ಎಂಬ ಒಕ್ಕಣೆಯನ್ನೂ ಸೇರಿಸಿದ್ದೆ. ಮೂವತ್ತು ವರ್ಷ ಇತಿಹಾಸ ಬೋಧಿಸಿದ ನನಗೆ ಆ ಕ್ಷಣದಲ್ಲಿ ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಅದು ಮುಂದೆ ಯಾವ ಊರಿಗೆ ಹೋಯಿತೋ, ಯಾರ ಕೈಗೆ ಸಿಕ್ಕಿತೋ ನಾನರಿಯೆ. ಆದ್ದರಿಂದ ಆ ಹುಡುಗನನ್ನು ಗದರಿಸುವ ಅಧಿಕಾರ ನನಗಿಲ್ಲ.

2018ರ ಜುಲೈನಲ್ಲಿ ವಾಟ್ಸ್ಆ್ಯಪ್ ಸಂಸ್ಥೆಯೂ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ಮುಂದೂಡಬಹುದೆಂಬ ಮಿತಿ ತಂದಿತು. 2012ರಲ್ಲೂ ಐದು, 2018ರಲ್ಲೂ ಐದು! ಮಿತಿಯಿಂದ ವೇಗ ತಗ್ಗುತ್ತದೆ, ನಿಜ. ಆದರೆ ಸುಳ್ಳು ಐದು ಜನರಿಗೆ ಹೋದರೂ ಸುಳ್ಳೇ. ಕಾನೂನೂ ತನ್ನ ಕೆಲಸ ಮಾಡಿದೆ. 2012ರ ಪೋಕ್ಸೋ ಕಾಯಿದೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವಂಥದು. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ತುಂಬದವರ ಮಾಹಿತಿ ಬಳಸಲು ಹೆತ್ತವರ ಸಮ್ಮತಿ ಬೇಕೆನ್ನುತ್ತದೆ. ಇವೆರಡೂ ಮಗುವಿಗೆ ಹಾನಿಯಾಗದಂತೆ ನೋಡಿಕೊಳ್ಳುತ್ತವೆ. ಮಗುವಿನ ಬೆರಳಿನಿಂದ ಇನ್ನೊಬ್ಬರಿಗೆ ಹಾನಿಯಾಗದಂತೆ ನೋಡಿಕೊಳ್ಳುವುದು ಮನೆ ಮತ್ತು ಶಾಲೆಯ ಹೊಣೆ. ನೆರೆಯ ಕೇರಳದ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ 'ಸತ್ಯಮೇವ ಜಯತೇ' ಎಂಬ ಹೆಸರಿನಲ್ಲಿ, ಸುಳ್ಳು ಸುದ್ದಿಯನ್ನು ಗುರುತಿಸುವ ಬಗೆಯನ್ನು ಸರ್ಕಾರಿ ಶಾಲೆಗಳಲ್ಲಿ ಪಾಠವಾಗಿಯೇ ಹೇಳಿಕೊಟ್ಟರು.

ಆ ಪಾಠ ನಿಮಗೂ ಹೊಸದೇನಲ್ಲ. ಶಾಸನವೊಂದನ್ನು ಓದುವಾಗ ನಾವು ಮೂರು ಪ್ರಶ್ನೆ ಕೇಳುತ್ತಿದ್ದುದು ನೆನಪಿದೆಯೇ? ಬರೆಸಿದವರು ಯಾರು? ಎಂದು, ಎಲ್ಲಿ ಬರೆಸಿದ್ದು? ಕಲ್ಲು ಪೂರ್ತಿಯಾಗಿದೆಯೇ, ಒಡೆದು ಸಾಲುಗಳು ಲೋಪವಾಗಿವೆಯೇ? ಬೆಂಗಳೂರಿಗೆ ಬಂದ ಚಿತ್ರಗಳಿಗೆ ಎರಡನೆಯ ಪ್ರಶ್ನೆ ಹಾಕಿದ್ದರೆ ಸಾಕಿತ್ತು. ಕರಾಚಿಯ ವಿಡಿಯೊಗೆ ಮೂರನೆಯದು ಬೇಕಿತ್ತು. ಉತ್ತರ ಸಿಗದಿದ್ದರೆ ಸಂದೇಶವನ್ನು ನಮ್ಮಲ್ಲೇ ನಿಲ್ಲಿಸುವುದು. ನಿಜವಾದ ಅಪಾಯದ ಅನುಮಾನವಿದ್ದರೆ 1098 ಮಕ್ಕಳ ಸಹಾಯವಾಣಿಗೋ 112ಕ್ಕೋ ಕರೆ ಮಾಡುವುದು.

ವಾರದ ನಂತರ ಆ ವಿದ್ಯಾರ್ಥಿನಿ ಮತ್ತೆ ಕರೆ ಮಾಡಿದಳು. ಹುಡುಗ ಗೆಳೆಯರಿಗೆಲ್ಲ, ತಾನು ಕಳುಹಿಸಿದ್ದು ಸುಳ್ಳು, ದಯವಿಟ್ಟು ಯಾರಿಗೂ ಕಳುಹಿಸಬೇಡಿ ಎಂದು ಬರೆದನಂತೆ. 2018ರಲ್ಲಿ ನಾನು ಅಷ್ಟನ್ನೂ ಮಾಡಿರಲಿಲ್ಲ. ತಡವಾಗಿಯಾದರೂ ಇಂದು ಈ ಬರಹದ ಮೂಲಕ ಮಾಡುತ್ತಿದ್ದೇನೆ.