ಹಾಲಿನ ಬೂತಿನವರೆಗಿನ ಭೂಗೋಳ

ನಮಗೆ ಶಾಲೆಯಲ್ಲಿ ಮ್ಯಾಪ್ ಅಂದ್ರೆ ಅಟ್ಲಾಸ್ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಭಾರತದ ಗಡಿ ಗೀಚುವುದು, ಅಷ್ಟೇ. ಮನೆಯ ದಾರಿಯನ್ನು ಬರೆಸಿದ ಮೇಷ್ಟ್ರು ಒಬ್ಬರೂ ಇರಲಿಲ್ಲ.

ಆದರೆ ರೂಸೋ 1762ರಲ್ಲೇ ‘ಎಮಿಲ್’ ಪುಸ್ತಕದಲ್ಲಿ ಹೇಳಿದ್ದ: ಮಗುವಿನ ಭೂಗೋಳ ತಾನಿರುವ ಊರಿನಿಂದಲೇ ಶುರುವಾಗಲಿ, ನಕ್ಷೆಯನ್ನು ಅದೇ ಬರೆಯಲಿ, ಕರಾರುವಾಕ್ಕಾಗಿ ಇರದಿದ್ದರೂ ಪರವಾಗಿಲ್ಲ ಅಂತ.

ಇದನ್ನು ಪುಟ್ಟ ಮಕ್ಕಳ ತರಗತಿಗೆ ತಂದವರಲ್ಲಿ ಒಬ್ಬರು ಲೂಸಿ ಸ್ಪ್ರೇಗ್ ಮಿಚೆಲ್. ಮುಂದೆ ಬ್ಯಾಂಕ್ ಸ್ಟ್ರೀಟ್ ಕಾಲೇಜಾಗಿ ಬೆಳೆದ ಸಂಸ್ಥೆಯನ್ನು 1916ರಲ್ಲಿ ನ್ಯೂಯಾರ್ಕಿನಲ್ಲಿ ಇತರರ ಜೊತೆ ಸೇರಿ ಕಟ್ಟಿದರು. ಮಕ್ಕಳ ಮಾತಿಗೆ ಕಿವಿಗೊಟ್ಟು, ಅವರ ಸುತ್ತಲಿನ ಜಗತ್ತಿನದೇ ಕಥೆಗಳ ಪುಸ್ತಕವನ್ನು 1921ರಲ್ಲಿ ತಂದರು. 1934ರಲ್ಲಿ ಬಂದಿದ್ದು ‘ಯಂಗ್ ಜಿಯಾಗ್ರಫರ್ಸ್’. ಮೊದಲು ಬೀದಿ ಸುತ್ತು, ನೋಡಿದ್ದನ್ನು ಮರದ ಬ್ಲಾಕುಗಳಲ್ಲಿ ಕಟ್ಟು, ಕಾಗದದ ನಕ್ಷೆ ಆಮೇಲೆ! ಭಾಷೆ, ಭೂಗೋಳ ಎರಡೂ ಒಂದೇ ಬೀದಿಯಲ್ಲಿ ಹುಟ್ಟುತ್ತವೆ ಅನ್ನೋದು ಇದರಿಂದ ನನಗೆ ಹೊಳೆದಿದ್ದು.

ಮೊನ್ನೆ ಅಕ್ಕನ ಮಗಳ ಕೈಯಲ್ಲಿ ಮನೆಯಿಂದ ಹಾಲಿನ ಬೂತಿನವರೆಗಿನ ನಕ್ಷೆ ಬರೆಸಿದೆ. “ಮಾಮಾ, ರೋಡು ಬಗ್ಗುತ್ತಲ್ಲ, ಅದಕ್ಕೇನಂತಾರೆ?” ಅಂದಳು. ‘ತಿರುವು’ ಅಂದೆ. ತನಗೆ ಬೇಕಾದಾಗ ತಾನೇ ಕೇಳಿ ಪಡೆದ ಪದ, ಅಷ್ಟು ಸುಲಭಕ್ಕೆ ಮರೆಯೋಲ್ಲ.

ಜಿಪಿಎಸ್ ಇಲ್ಲದೆ ಆಫೀಸು ತಲುಪಲಾಗದ ನನಗೇ ಈ ಪಾಠ ಮೊದಲು ಬೇಕಿತ್ತೇನೋ.. :)